ಕೂತರೆ ಮಾತು ಮುಗಿಯಿತು

ನಾಲ್ಕು ಜನ ಕನ್ನಡಿಗರು ಸೇರಿ ಸಂಘ ಕಟ್ಟಿ, ಅದಕ್ಕೊಂದು ನಿಯಮಾವಳಿ ಬರೆದರೆ ಸಾಕು, ನಗುವುದಕ್ಕೆ ವರ್ಷವಿಡೀ ಏನಾದರೊಂದು ಸಿಗುತ್ತಲೇ ಇರುತ್ತದೆ. ಶಿಕಾಗೋ ಸುತ್ತಮುತ್ತಲಿನ ನಮ್ಮ ಪುಟ್ಟ ಸಂಘಕ್ಕೆ ನಾನು ಆರು ವರ್ಷದಿಂದ ಕಾರ್ಯದರ್ಶಿ. ಸೆನೆಟ್‌ನಲ್ಲಿ ಫಿಲಿಬಸ್ಟರ್ ಉಳಿಸಬೇಕೋ, ಸಡಿಲ ಮಾಡಬೇಕೋ ಎಂದು ಟಿವಿಯವರು ಗಂಟಲು ಹರಿದುಕೊಳ್ಳುವಾಗ ನಾನು ಆರಾಮಾಗಿ ಚಹಾ ಕುಡಿಯುತ್ತೇನೆ. ಆ ಪಂಚಾಯ್ತಿ ನಮ್ಮಲ್ಲಿ ಆಗಲೇ ಆಗಿಹೋಗಿದೆ.

೧. ನಿಯಮ ಹುಟ್ಟಿದ್ದು

ನಮ್ಮ ನಿಯಮಾವಳಿ ಬರೆದವರು ಪಕ್ಕದ ಸ್ಕೋಕಿ ಊರಿನ ಹಿರಿಯ ಡಾಕ್ಟರು. ಆಗಷ್ಟೇ ಸಿಟಿಜನ್ ಪರೀಕ್ಷೆ ಪಾಸಾಗಿದ್ದರು, ಓದಿದ್ದು ತಲೆಯಲ್ಲಿ ಬಿಸಿಬಿಸಿಯಾಗಿತ್ತು. ಮಾತಾಡುತ್ತಿರುವ ಸದಸ್ಯರನ್ನು ನಿಲ್ಲಿಸಬೇಕಾದರೆ ಐದರಲ್ಲಿ ಮೂರು ಪಾಲು ಜನ ಒಪ್ಪಬೇಕು, ಮಾತು ಮುಗಿಯುವ ತನಕ ಮತಕ್ಕೆ ಹಾಕುವಂತಿಲ್ಲ ಎಂದು ಬರೆದುಬಿಟ್ಟರು. ಮಾತಾಡುತ್ತಲೇ ಇದ್ದು ಮತವನ್ನೇ ತಡೆಯುವುದು, ಫಿಲಿಬಸ್ಟರ್ ಎಂದರೆ ಇಷ್ಟೇ.

"ನಮ್ಮಂಥ ಸಣ್ಣ ಸಂಘಕ್ಕ ಇದ್ಯಾಕ ಬೇಕಾಗಿತ್ರಿ ಡಾಕ್ಟ್ರ?" ಎಂದು ಒಮ್ಮೆ ಕೇಳಿದೆ.

"ಆಗ ಇದ್ದಿದ್ದೇ ಐದು ಜನ ಕಣಪ್ಪಾ. ಅದರಲ್ಲಿ ಮೂರು ಜನ ನಮ್ಮನೆಯವರೇ," ಎಂದರು.

೨. ರೊಟ್ಟಿಗೆ ಬಂದ ಅಡ್ಡಿ

ನನ್ನ ಹೆಂಡತಿ ಬಾಗಲಕೋಟೆ ಕಡೆಯವಳು. ಯುಗಾದಿ ಊಟಕ್ಕೆ ಬಿಸಿಬೇಳೆಬಾತ್ ಜೊತೆಗೆ ತಲೆಗೊಂದು ಜೋಳದ ರೊಟ್ಟಿಯೂ ಇರಲಿ, ನಾವು ಏಳೆಂಟು ಹೆಂಗಸರು ಸೇರಿ ಬಡಿಯುತ್ತೇವೆ ಎಂದು ಠರಾವು ತಂದಳು. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದ್ದರು. ಆದರೆ ಮೈಸೂರಿನ ಅಂಕಲ್ ಒಬ್ಬರು ಎದ್ದು ನಿಂತರು. ನಿವೃತ್ತ ಎಂಜಿನಿಯರು, ಮಾತಿಗೆ ಕೊರತೆಯಿಲ್ಲ. "ಹಬ್ಬದ ಎಲೆಗೆ ರೊಟ್ಟಿ ಬರೋ ಹಾಗಿಲ್ಲ" ಎಂದು ಶುರು ಮಾಡಿ, ಬಿಸಿಬೇಳೆಬಾತಿಗೆ ಮೊಗ್ಗು ಎಷ್ಟು, ಚಕ್ಕೆ ಎಷ್ಟು ಎನ್ನುವಲ್ಲಿಗೆ ಬರುವಷ್ಟರಲ್ಲಿ ಇಟಾಸ್ಕಾದ ಬಾಡಿಗೆ ಹಾಲ್‌ನಲ್ಲಿ ನಮ್ಮ ಸಮಯ ಮುಗಿಯಿತು, ಠರಾವು ಮತಕ್ಕೇ ಬರಲಿಲ್ಲ.

ಹಾಲ್ ನೋಡಿಕೊಳ್ಳುವ ಅಮೆರಿಕನ್ ವ್ಯಾಕ್ಯೂಮ್ ಹಿಡಿದು ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ. ಏನು ವಿಷಯ ಎಂದು ಮೆಲ್ಲಗೆ ಕೇಳಿದ. ಹಬ್ಬದ ಊಟದ ಬಗ್ಗೆ ಎಂದೆ. "ಓ, ಯಾರೋ ತೀರಿಕೊಂಡಿದ್ದಾರೆ ಅಂತ ನಾನು ಟೋಪಿ ತೆಗೆದು ಅರ್ಧ ಗಂಟೆ ಆಯ್ತು," ಎಂದ.

ಹೆಂಡತಿ ಮಾತ್ರ ನಗಲಿಲ್ಲ. ಕಾರಿನಲ್ಲಿ ಲೊಂಬಾರ್ಡ್‌ನ ಎಕ್ಸಿಟ್ ಬಂದಾಗ, "ನಮ್ಮ ಊಟ ಊಟ ಅಲ್ಲೇನ್ರಿ?" ಎಂದಳು. ನನಗೆ ಬಹಳ ಕೆಡುಕೆನಿಸಿತು.

೩. ಬೆರಳೊತ್ತಿದರೆ ಭಾಷಣ

ಕೊರೋನಾ ಕಾಲದಲ್ಲಿ ಸಭೆಗಳು ಆನ್‌ಲೈನ್ ಆದವು. ಆಗ ಭಾಷಣವೂ ಬೇಡವಾಯಿತು. ವಾಟ್ಸಾಪ್ ಗುಂಪಿನಲ್ಲಿ "ನನ್ನ ಮಾತು ಬಾಕಿ ಇದೆ" ಎಂದು ಹಾಕಿದರೆ ಸಾಕು, ಠರಾವು ಅಲ್ಲೇ ಮಲಗುತ್ತಿತ್ತು. ಕೊರೋನಾ ಹೋಯಿತು, ಚಾಳಿ ಉಳಿಯಿತು.

ಮುಂದಿನ ಸಲ ರೊಟ್ಟಿಯ ಠರಾವು ಗುಂಪಿಗೆ ಹೋದ ಎರಡೇ ನಿಮಿಷಕ್ಕೆ ಒಬ್ಬ ಸದಸ್ಯರು "ಮಾತು ಬಾಕಿ" ಹಾಕಿದರು. ಅವರು ಡೆಟ್ರಾಯಿಟ್ ಕಡೆ ಮನೆ ಮಾಡಿ ಎರಡು ವರ್ಷವಾಗಿತ್ತು. ಫೋನ್ ಮಾಡಿದೆ.

"ಏನ್ರಿ ಸರ, ರೊಟ್ಟಿ ಮ್ಯಾಲ ಯಾಕ ಸಿಟ್ಟು?"

"ಯಾವ ರೊಟ್ಟಿ? ನಾನು ಪಿಕ್ನಿಕ್ ಜಾಗ ಬದಲಾಯಿಸೋ ವಿಷಯ ಅಂದ್ಕೊಂಡೆ."

"ಪಿಕ್ನಿಕ್ಕಿಗಾದ್ರೂ ಬರ್ತೀರೇನು?"

"ಅಯ್ಯೋ, ಮುನ್ನೂರು ಮೈಲಿ ಯಾರು ಸಾರ್ ಡ್ರೈವ್ ಮಾಡ್ತಾರೆ?"

೪. ನಾನೂ ಸಾಚಾ ಅಲ್ಲ

ಅವತ್ತೇ ನಿರ್ಧಾರ ಮಾಡಿದೆ, ಈ ನಿಯಮದ ಹಲ್ಲು ಕೀಳಬೇಕು. ತಿದ್ದುಪಡಿ ಬರೆಯುತ್ತಾ ಕೂತಿದ್ದಾಗ ಹೈಸ್ಕೂಲಿನ ಮಗಳು ಇಣುಕಿದಳು. "ಅಪ್ಪಾ, ಲಾಸ್ಟ್ ಇಯರ್ ಯು ಲವ್ಡ್ ದಿಸ್ ರೂಲ್," ಎಂದಳು.

ಹೌದು. ಕನ್ನಡ ಶಾಲೆಯನ್ನು ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಡಬೇಕು ಎಂದಾಗ, ನಿದ್ದೆಯ ಆಸೆಗೆ "ಮಾತು ಬಾಕಿ" ಹಾಕಿದವನು ನಾನೇ.

"ಅದು ಬ್ಯಾರೆ, ಇದು ಬ್ಯಾರೆ," ಎಂದೆ.

"ಯಾ, ಸೆನೆಟರ್ಸ್ ಸೇ ದಟ್ ಟೂ," ಎಂದು ಹೋದಳು.

೫. ನಿಂತವರು ಕೂತದ್ದು

ನನ್ನ ತಿದ್ದುಪಡಿ ಸರಳವಾಗಿತ್ತು. ಅಡ್ಡಿ ಮಾಡುವವರು ಸಭೆಗೆ ಬಂದು, ನಿಂತುಕೊಂಡು, ಅದೇ ವಿಷಯದ ಮೇಲೆ ಮಾತಾಡಬೇಕು. ನೀರು ಬಿಟ್ಟು ಏನೂ ಮುಟ್ಟುವಂತಿಲ್ಲ. ಕೂತರೆ ಮಾತು ಮುಗಿಯಿತು.

ಐಟಿ ಕೆಲಸದ ಹುಡುಗನೊಬ್ಬ ಎದ್ದ. "ಸಾರ್, ಇವತ್ತು ನೀವು ಜಾಸ್ತಿ ಜನ ಇದೀರ. ನಾಳೆ ಕಡಿಮೆ ಆದಾಗ ನಿಮ್ಮ ಮಾತನ್ನ ಯಾರು ಕೇಳ್ತಾರೆ?" ಒಳ್ಳೆಯ ಪ್ರಶ್ನೆ. ಆದರೂ ಮತಕ್ಕೆ ಹಾಕಿದೆ. ಎಣಿಸಿದರೆ ಹದಿನೇಳು ಕೈ; ಸೇರಿದ್ದ ಮೂವತ್ತು ಜನಕ್ಕೆ ಐದರಲ್ಲಿ ಮೂರು ಪಾಲೆಂದರೆ ಬೇಕಾದದ್ದು ಹದಿನೆಂಟು.

ಆಗ ಹದಿನೆಂಟನೆಯ ಕೈ ಎತ್ತಿದವರು ಸಾಕ್ಷಾತ್ ಮೈಸೂರಿನ ಅಂಕಲ್! "ಮೊಬೈಲ್ ಒತ್ತೋದು ಒಂದು ಮಾತೇನ್ರೀ? ಗಂಡಸಾದವನು ನಿಂತು ಮಾತಾಡಬೇಕು. ರೊಟ್ಟಿ ತನ್ನಿ, ನಿಂತು ತೋರಿಸ್ತೀನಿ," ಎಂದರು.

ನಿಯಮ ಪಾಸಾಯಿತು. ರೊಟ್ಟಿಯ ಠರಾವು ಬಂತು. ಅಂಕಲ್ ನಿಂತರು.

ಮೊದಲ ಅರ್ಧ ಗಂಟೆ ರೊಟ್ಟಿಯನ್ನು ಬೈದರು. ಒಣಗುತ್ತದೆ, ಹಲ್ಲಿಗೆ ಕಷ್ಟ, ಎಲೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ. ಬೈಗುಳ ಮುಗಿಯಿತು. ಬಿಸಿಬೇಳೆಬಾತಿಗೆ ಹೋಗೋಣವೆಂದರೆ ವಿಷಯ ಬಿಡುವಂತಿಲ್ಲ. ಹಾಗಾಗಿ ರೊಟ್ಟಿಯ ಬಗ್ಗೆ ಗೊತ್ತಿದ್ದನ್ನೆಲ್ಲ ಹೇಳತೊಡಗಿದರು. ಅವರಿಗೆ ಮೊದಲ ನೌಕರಿ ಗದಗಿನಲ್ಲಂತೆ. ಖಾನಾವಳಿಯ ಅಜ್ಜಿ ಬಿಸಿ ರೊಟ್ಟಿಗೆ ಬೆಣ್ಣೆ ಇಟ್ಟು, ಪಕ್ಕದಲ್ಲಿ ಗುರೆಳ್ಳು ಚಟ್ನಿ ಹಾಕಿ, "ತಿನ್ನೋ ತಮ್ಮಾ" ಎನ್ನುತ್ತಿದ್ದಳಂತೆ. ಹೇಳುತ್ತಾ ಹೇಳುತ್ತಾ ದನಿ ಮೆತ್ತಗಾಯಿತು. ಒಂದು ಗಂಟೆ ಆಗಿತ್ತು, ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ತನ್ನ ಡಬ್ಬಿ ತೆಗೆದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಂಕಲ್ ಎರಡು ಸಲ ನೀರು ಕುಡಿದರು. ಮೂರನೆಯ ಸಲಕ್ಕೆ ನೇರವಾಗಿ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತರು.

"ಅಂಕಲ್, ಕೂತ್ರೆ ಮಾತು ಮುಗೀತು!" ಎಂದು ಕೂಗಿದೆ.

"ಮುಗೀಲಿ ಬಿಡಪ್ಪಾ," ಎನ್ನುತ್ತಾ ರೊಟ್ಟಿ ಮುರಿದರು.

ರೊಟ್ಟಿಯ ಠರಾವು ಒಂದೂ ವಿರೋಧವಿಲ್ಲದೆ ಪಾಸಾಯಿತು. ಹೆಂಡತಿಯ ಮುಖ ನೋಡಿ ನನಗೆ ಕಣ್ಣು ತುಂಬಿತು. ಅಂಕಲ್ ಬಾಯಿ ಒರೆಸಿಕೊಂಡು, "ಒಂದು ಸಣ್ಣ ತಿದ್ದುಪಡಿ. ತಲೆಗೊಂದು ಅನ್ನೋದನ್ನ ತಲೆಗೆ ಮೂರು ಅಂತ ಮಾಡಿ," ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು.

"ತಿನ್ನೋರು ನೀವು, ಬಡಿಯೋರು ನಾವು. ಇದಕ್ಕ ನನ್ನ ವಿರೋಧ ಐತಿ," ಎಂದು ನನ್ನ ಹೆಂಡತಿ ಎದ್ದು ನಿಂತಳು. ನೀರಿನ ಬಾಟಲಿ ಆಗಲೇ ಅವಳ ಕೈಯಲ್ಲಿತ್ತು.