ಪಿಸ್ಟನ್ ಮತ್ತು ಆರು ಗುಂಡಿಗಳು

ಈ ಸಲ ನನ್ನ ರಾಕೆಟ್ ಇಡಿಯಾಗಿಯೇ ಮನೆಗೆ ಮರಳುತ್ತದೆ ಎಂದು ಶುಕ್ರವಾರ ಕಾಫಿಯ ಹೊತ್ತಿಗೆ ಘೋಷಿಸಿದೆ. ಕ್ಯಾನ್ಸಸ್‌ನ ನಮ್ಮ ಕ್ಲಬ್ಬಿನಲ್ಲಿ ದೊಡ್ಡ ರಾಕೆಟ್ಟಿನ ಪ್ರಮಾಣಪತ್ರ ಬೇಕೆಂದರೆ ಅದು ಪ್ಯಾರಾಚೂಟ್ ಬಿಚ್ಚಿಕೊಂಡು, ಮುರಿಯದೆ ಇಳಿಯಬೇಕು. ಹಿಂದಿನ ಎರಡು ಸಲವೂ ಪ್ಯಾರಾಚೂಟನ್ನು ಹೊರದಬ್ಬಬೇಕಾದ ಸಿಡಿಮದ್ದು ಅದನ್ನೇ ಕರಗಿಸಿ ಉಂಡೆ ಮಾಡಿತ್ತು. ರಾಕೆಟ್ ಗೂಟದಂತೆ ನೆಲಕ್ಕೆ ನಾಟಿತ್ತು.

"ಮೂರನೇದೂ ಮುರಿದ್ರೆ ನಿನ್ನ ರಾಕೆಟ್ ಸಾಮಾನು ಹೊರಗೆ, ಗ್ಯಾರೇಜು ನನ್ನ ಕಾರಿಗೆ," ಎಂದಳು ಹೆಂಡತಿ ಆರ್ಲೀನ್. "ಹನ್ನೊಂದು ಚಳಿಗಾಲ ಗಾಜಿನ ಮೇಲಿನ ಹಿಮ ಕೆರೆದಿದೀನಿ, ವೆಂಡೆಲ್."

"ಈ ಸಲ ಪಿಸ್ಟನ್ ಇದೆ. ಸಿರಿಂಜಿನ ಥರ. ಮದ್ದು ಪಿಸ್ಟನ್ನನ್ನ ತಳ್ಳತ್ತೆ, ಪಿಸ್ಟನ್ ಪ್ಯಾರಾಚೂಟನ್ನ ತಳ್ಳತ್ತೆ. ನಿನ್ನ ಫ್ಲಾನೆಲ್ ನೈಟಿ ಇಟ್ರೂ ಮಸಿ ಹತ್ತಲ್ಲ."

"ನಿನ್ನ ಪೈಜಾಮ ಇಟ್ಕೋ."

ತೂಗಿ ನೋಡಿದೆ. ಪ್ಯಾರಾಚೂಟ್ 310 ಗ್ರಾಂ, ನೈಟಿ 312, ಪೈಜಾಮ 480. ವಿಜ್ಞಾನ ಓದಿದವನಿಗೆ ಬೇರೆ ದಾರಿಯೇ ಇರಲಿಲ್ಲ. ಹೊಸ ಪ್ಯಾರಾಚೂಟನ್ನು ಸುಡುವ ಬದಲು ಮೊದಲು ಹಿತ್ತಲಲ್ಲಿ ನೈಟಿಯಿಟ್ಟು ಪರೀಕ್ಷಿಸುವುದೆಂದು ನಿಶ್ಚಯಿಸಿದೆ. ಪರೀಕ್ಷೆ ಎಂದ ಮೇಲೆ ಎಲ್ಲವೂ ಹಾರಾಟದಂತೆಯೇ ಇರಬೇಕಲ್ಲ, ನೈಟಿಯ ಕೆಳ ಅಂಚಿಗೆ ಎಂಟು ಹಗ್ಗ ಹೊಲಿದು ರಾಕೆಟ್ಟಿಗೆ ಕಟ್ಟಿದೆ.

ಆರ್ಲೀನ್ ಬಾಗಿಲಲ್ಲೇ ನಿಂತಿದ್ದಳು. "ಕೊಡಿಲ್ಲಿ. ಕತ್ತು ತೆರ್ಕೊಂಡು ಹಾಗೇನಾ ತುರುಕೋದು? ಹೋಗೋದಾದ್ರೆ ಮಾನವಾಗಿ ಹೋಗ್ಲಿ." ಆರೂ ಗುಂಡಿಗಳನ್ನು ಕೊರಳತನಕ ಹಾಕಿ ಕೊಟ್ಟಳು.

ರಾಕೆಟ್ಟಿನೊಳಗೆ ತುಂಬಿಸಿದೆ. ಅಷ್ಟರಲ್ಲಿ ಮಳೆ ಬಂತು. ಪರೀಕ್ಷೆ ನಿಂತಿತು.

ಶನಿವಾರ ಮೈದಾನದಲ್ಲಿ ನಲವತ್ತೆರಡು ಅಂಶಗಳ ಪಟ್ಟಿಗೆ ಒಂದೊಂದಾಗಿ ಗುರುತು ಹಾಕಿದೆ. "ನೈಟಿ ತೆಗೆ" ಎಂಬುದು ಪಟ್ಟಿಯಲ್ಲಿರಲಿಲ್ಲ.

ರಾಕೆಟ್ ಸಾವಿರದೈನೂರು ಅಡಿ ಏರಿತು. ಸಣ್ಣದೊಂದು ಹೊಗೆ. ನನ್ನ ಪಿಸ್ಟನ್ ಕಿಂಚಿತ್ತೂ ತಡವರಿಸಲಿಲ್ಲ.

"ವೆಂಡೆಲ್, ನಿನ್ನ ಪ್ಯಾರಾಚೂಟಿಗೆ ತೋಳಿದೆ," ಎಂದ ಪರೀಕ್ಷಕ ಡ್ವೇನ್, ದುರ್ಬೀನು ಇಳಿಸದೆ.

"ಗುಲಾಬಿ ಹೂವಿದ್ರೆ ಅದು ನಂದೇ," ಎಂದಳು ಆರ್ಲೀನ್.

ಇತ್ತು. ಎರಡೂ ತೋಳು ಚಾಚಿ, ಹೊಟ್ಟೆ ತುಂಬ ಗಾಳಿ ಕುಡಿದು, ನೈಟಿ ನನ್ನ ರಾಕೆಟ್ಟನ್ನು ಉತ್ತ ಹೊಲದ ಮೆತ್ತನೆ ಮಣ್ಣಿಗೆ ಇಳಿಸಿತು. ಕೊರಳು ತೆರೆದಿದ್ದರೆ ಗಾಳಿ ಚಿಮಣಿಯಲ್ಲಿ ಹೋದಂತೆ ಹೋಗಿಬಿಡುತ್ತಿತ್ತು.

ಡ್ವೇನ್ ರಾಕೆಟ್ಟನ್ನು ಮೂರು ಸಲ ತಿರುಗಿಸಿ ನೋಡಿದ. ಬಿರುಕಿಲ್ಲ. ನೈಟಿಯ ಮೇಲೆ ಮಸಿಯ ಚುಕ್ಕೆಯೂ ಇಲ್ಲ. "ಬಿಚ್ಕೊಂಡು ಇಳೀಬೇಕು ಅಂತಷ್ಟೇ ನಿಯಮ. ಯಾವ ದರ್ಜಿ ಹೊಲಿದಿದ್ದು ಅಂತ ಕೇಳಲ್ಲ," ಎಂದು ಫಾರಮ್ಮು ತೆಗೆದ. "ಪ್ಯಾರಾಚೂಟಿನ ಅಳತೆ?"

ನಾನು ಜೇಬಿನಲ್ಲಿ ಅಳತೆಪಟ್ಟಿ ಹುಡುಕತೊಡಗಿದೆ.

"ಎಕ್ಸ್‌ಟ್ರಾ ಲಾರ್ಜ್," ಎಂದಳು ಆರ್ಲೀನ್.

ಪ್ರಮಾಣಪತ್ರ ಈಗ ಗೋಡೆಯ ಮೇಲಿದೆ. ಬಾಜಿ ಗೆದ್ದವನು ನಾನೇ. ಆದರೂ ಗ್ಯಾರೇಜಿನಲ್ಲಿ ನಿಂತಿರುವುದು ಅವಳ ಕಾರು. ಗುಂಡಿ ಹಾಕಿದವಳು ಅವಳಲ್ಲವೇ?