ನಾನು ಉಳಿಸಿದ ಬೇವಿನ ಮರ

ಸೊಕ್ಕು ಒಳ್ಳೆಯದಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುವವನೇ ನಾನು. ಆದರೆ ನಮ್ಮ ಅಂಗಳದ ಬೇವಿನ ಮಾತು ಬಂದರೆ ನನಗೂ ಸೊಕ್ಕು ಉಂಟು. ಅದನ್ನು ಬಿಡುವ ವಿಚಾರವೂ ಇಲ್ಲ. ಉಮರ್ಗಾದಲ್ಲಿ ನನ್ನ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇವಿನ ಮರ ಎಂದರೆ ಸಾಕು, "ಬೇವಿನ ಗಿಡದ ಮಾಸ್ತರ್ರೇನ್ರೀ?" ಎಂದು ತಾವೇ ಮುಂದಾಗಿ ದಾರಿ ತೋರಿಸುತ್ತಾರೆ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಮುಗಿದ ನಾಲ್ಕು ವರ್ಷಕ್ಕೆ ಹಳೆಯ ಮಣ್ಣಿನ ಮನೆ ಕೆಡವಿ ಕಲ್ಲಿನ ಮನೆ ಕಟ್ಟಿಸಲು ಹೊರಟೆ. ಗೋಡೆ ಕಟ್ಟುವ ಗೌಂಡಿ ಇಮಾಮ ಕಾಕಾ ದಾರ ಹಿಡಿದು ನೋಡಿದರೆ, ಪಡಸಾಲೆಯ ಗೋಡೆ ನೆಟ್ಟಗೆ ಮರದ ಬೊಡ್ಡೆಗೇ ಬರುತ್ತಿತ್ತು. "ಮಾಸ್ತರ್ರ, ಗಿಡಾ ಕಡೀರಿ. ಪಡಸಾಲಿ ಚೌಕ ಕೂಡ್ತದ," ಎಂದರು. ಅವ್ವ ಮದುವೆಯಾಗಿ ಬಂದ ವರ್ಷ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರ ಅದು. ನನಗಿಂತ ಎರಡು ವರ್ಷ ದೊಡ್ಡದು, ಒಂದು ರೀತಿಯಲ್ಲಿ ಅಣ್ಣನೇ. "ಪಡಸಾಲಿ ಸಣ್ಣದಾಗ್ಲಿ ಕಾಕಾ, ಗಿಡಾ ಮಾತ್ರ ಮುಟ್ಟಬ್ಯಾಡ್ರಿ," ಎಂದೆ. ಗೋಡೆ ಮೂರು ಮೊಳ ಹಿಂದೆ ಸರಿಯಿತು. ಕಲ್ಲಿನ ಬಂಡಿ ತಾಗೀತೆಂದು ಬೊಡ್ಡೆಗೆ ಗೋಣಿತಟ್ಟು ಸುತ್ತಿಸಿದೆ. ಇಷ್ಟಾದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಉದ್ಗೀರದ ಬೀಗರ ತನಕ ಹೇಳಿಕೊಂಡು ಬಂದೆ.

ನಿಲಂಗಾದ ಗೆಳೆಯನನ್ನಂತೂ ಮರ ತೋರಿಸಲೆಂದೇ ಕರೆತಂದೆ. ಅವನು ತಲೆಯೆತ್ತಿ, "ಈ ಕಡಿ ಟೊಂಗಿ ಯಾಕ ಹಳದಿ ಆಗ್ಯಾವೋ ದೋಸ್ತ?" ಎಂದ.

"ಎಲಿ ಉದುರೂ ಕಾಲಾ," ಎಂದೆ, ಪಾಠ ಹೇಳುವ ದನಿಯಲ್ಲಿ.

ಬೆನ್ನ ಹಿಂದೆ ಅವ್ವ ನಿಂತಿದ್ದಳು. "ವೈಶಾಖದಾಗ? ಚಿಗುರು ಬಂದ ಮ್ಯಾಲ? ಏ ಶಾಣ್ಯಾ, ಬುಡಕ್ಕ ನೋಡು. ಕೊಡ್ಲಿ ತಪ್ಪಿಸಿ ಗಿಡಕ್ಕ ಸುಣ್ಣಾ ಉಣಸಲಾಕತ್ತಿ!"

ನೋಡಿದೆ. ಗಾರೆಗೆ ಸುಣ್ಣ ನೆನೆಹಾಕುವ ಗುಂಡಿ ಬೇರಿನ ಮೇಲೇ ಇತ್ತು. ಆಳುಗಳಿಗೆ ನೆರಳಾಗಲಿ ಎಂದು ಅದನ್ನು ಅಲ್ಲಿ ತೋಡಿಸಿದ ಪುಣ್ಯಾತ್ಮ ನಾನೇ. ಇಮಾಮ ಕಾಕಾ ಬೇಡವೆಂದಾಗ, "ಗಿಡದ ಕಾಳಜಿ ನನಗ ಬಿಡ್ರಿ," ಎಂದಿದ್ದೆ. ಅವ್ವ ಅಷ್ಟರಲ್ಲಿ ಸೆರಗು ಕಟ್ಟಿ ಬುಟ್ಟಿ ಹಿಡಿದಿದ್ದಳು. ಕಾಕಾ, ಗೆಳೆಯ, ನಾನು, ಎಲ್ಲರೂ ಸೇರಿ ಸುಣ್ಣ ಕುಡಿದ ಮಣ್ಣನ್ನೆಲ್ಲ ತೋಡಿ ತೆಗೆದು, ಹೊಲದ ಎರೆಮಣ್ಣು ತುಂಬಿದೆವು. ಕೈ ಸುಟ್ಟು ಎಂಟು ದಿನ ನನಗೆ ರೊಟ್ಟಿ ಮುರಿಯಲಾಗಲಿಲ್ಲ. ಅವ್ವನೇ ಮುರಿದು ಹಾಲಲ್ಲಿ ಕಲಸಿ ಕೊಟ್ಟಳು, ಬೈಯುತ್ತಲೇ.

ಮಳೆ ಬಿದ್ದ ಮೇಲೆ ಆ ಟೊಂಗೆಗಳು ಚಿಗುರಿದವು. ಈಗ ಬಂದವರಿಗೆಲ್ಲ ನಾನು ಮರ ಉಳಿಸಿದ ಕಥೆ ಹೇಳುತ್ತೇನೆ. ಗೋಣಿತಟ್ಟಿನ ತನಕ ಹೇಳಿ ನಿಲ್ಲಿಸಿದರೆ ಒಳಗಿನಿಂದ ಅವ್ವ ಕೆಮ್ಮುತ್ತಾಳೆ. ಆಗ ಸುಣ್ಣದ ಗುಂಡಿಯನ್ನೂ ಹೇಳಬೇಕಾಗುತ್ತದೆ. ಹೇಳಿ ಮುಗಿಸಿದ ಕೂಡಲೇ ಅವಳ ಕೆಮ್ಮು ನಿಲ್ಲುತ್ತದೆ, ಚಹಾ ಬರುತ್ತದೆ.