ಪುಷ್ಪಕವು ಕಬ್ಬಿನ ಸಾರವನ್ನು ಕುಡಿದ ಪರ್ವ

ಯುಗಗಳಲ್ಲಿ ಕಡೆಯದಾದ ಕಲಿಯುಗದಲ್ಲಿ, ನದಿಗಳಲ್ಲಿ ಮಂದಗಾಮಿನಿಯಾದ ಘಟಪ್ರಭೆಯ ದಡದಲ್ಲಿ, ಸಕ್ಕರೆ ಕಾರ್ಖಾನೆಯ ಹೊಗೆಯನ್ನೇ ಮೇಘವೆಂದು ನಂಬಿ ನವಿಲುಗಳು ಮೋಸಹೋಗುವ ಒಂದು ಊರಿನಲ್ಲಿ, ಮಾಘ ಬಹುಳ ತದಿಗೆಯ ಮಂಗಳವಾರ, ನಿವೃತ್ತ ಹೆಡ್‌ಮಾಸ್ತರ ಪ್ರಲ್ಹಾದರಾಯರ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹೇ ಶ್ರೀಮನ್ನಾರಾಯಣ, ಆ ದಿನವನ್ನು ಹೇಳಲು ಹೊರಟ ನಾಲಿಗೆ ತಡವರಿಸದಂತೆ ನೋಡಿಕೋ.

ಟೆಂಪೋದಿಂದ ಇಳಿದವನು ಮೆಕ್ಯಾನಿಕ್ ಹುಸೇನಸಾಬ. ಒಂದು ಕೈಯಲ್ಲಿ ಟೊಪ್ಪಿಗೆ, ಇನ್ನೊಂದರಲ್ಲಿ ಇಪ್ಪತ್ತು ಲೀಟರಿನ ನೀಲಿ ಕ್ಯಾನು. ಜಪಮಣಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದ ರಾಯರು ಅವನ ಮುಖ ನೋಡಿದರು, ಆಮೇಲೆ ಟೆಂಪೋದ ಎಡಗಡೆಯ ಸೀಟನ್ನು ನೋಡಿದರು. ಅಲ್ಲಿ ಅವರ ತಮ್ಮ ಬಿಂದುಮಾಧವ ಕಿಟಕಿಗೆ ತಲೆಯಾನಿಸಿ ಕೂತಿದ್ದ.

"ಮಾಸ್ತರ್ರ, ಐದ ಮೈಲಿ ನಾನ ಒಬ್ಬಾಂವ ಮಾತಾಡ್ಕೋತ ಬಂದ್ನಿರಿ," ಎಂದ ಹುಸೇನಸಾಬ. "ನಿದ್ದಿ ಹತ್ತೇತಿ ಅನ್ಕೊಂಡಿದ್ನಿ. ಈ ಕ್ಯಾನ್ ಕಾಲಾಗ ಹಿಡ್ಕೊಂಡ ಕುಂತಿದ್ರು. ಬಿಟ್ಟೇ ಇಲ್ರಿ."

ಆ ಕ್ಯಾನಿನಲ್ಲಿದ್ದದ್ದು ಎಥೆನಾಲ್. ಜಿಲ್ಲಾ ಊರಿನ ಬಂಕಿನಲ್ಲಿ ಆ ತಿಂಗಳಷ್ಟೇ ಮಾರಾಟಕ್ಕೆ ಬಂದಿದ್ದ ಕಬ್ಬಿನ ಸಾರ. ಅದನ್ನು ತರಲೆಂದೇ ಬಿಂದುಮಾಧವ ಬೆಳಿಗ್ಗೆ ಅಣ್ಣನಿಗೆ ಹೇಳದೆ ಹೋಗಿದ್ದ. ಹೇಳದೆ ಹೋದದ್ದಕ್ಕೆ ಕಾರಣವಿತ್ತು; ಆ ಕಾರಣವೇ ಈ ಮಹಾಸಮರದ ಮೂಲ.

ಕೇಳಿರಿ. ಮೂವತ್ತು ವರ್ಷ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಫಿಟ್ಟರನಾಗಿ ದುಡಿದ, ನಟ್ಟುಬೋಲ್ಟುವಿಶಾರದನೂ ಅಣ್ಣನ ಎದುರು ಮಾತ್ರ ಅಲ್ಪಭಾಷಿಯೂ ಆದ ಆ ಬಿಂದುಮಾಧವನಿಗೆ ಒಂದು ಪೆಟ್ರೋಲ್ ಕಾರಿತ್ತು. ಹುಟ್ಟಿದಾಗ ಬೆಳ್ಳಗಿದ್ದು, ಮುಪ್ಪಿನಲ್ಲಿ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದ ಅದಕ್ಕೆ ಅವನು ಇಟ್ಟ ಹೆಸರು ಪುಷ್ಪಕ. ನಮ್ಮೂರಿನ ಕಬ್ಬು ಕುಡಿದು ಒಂದು ದಿನವಾದರೂ ಪುಷ್ಪಕ ಓಡಬೇಕು ಎಂಬುದು ಅವನ ಜೀವದ ಆಸೆ. ಆದರೆ ಏಕಾದಶೀನಿರಾಹಾರಿಯೂ ಮದ್ಯಗಂಧವಿರೋಧಿಯೂ ಆದ ಅಣ್ಣ, "ಕುಡಿಯೋ ಕಾರಿನ್ಯಾಗ ನಾ ಕೂಡೂದಿಲ್ಲ, ನಮ್ಮ ಅಂಗಳದಾಗ ಅದು ನಿಲ್ಲೂದೂ ಬ್ಯಾಡ" ಎಂದು ಪ್ರತಿಜ್ಞೆ ಮಾಡಿದ್ದ. ಭೀಷ್ಮಪ್ರತಿಜ್ಞೆಗೆ ದೇವತೆಗಳು ಹೂಮಳೆಗರೆದರಂತೆ; ಈ ಪ್ರತಿಜ್ಞೆಗೆ ತಮ್ಮ, "ಆತೇಳಪಾ ಅಣ್ಣಾ" ಎಂದಷ್ಟೇ ಹೇಳಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟಿದ್ದ.

ತಮ್ಮನ ಚಿತೆಗೆ ಬೆಂಕಿಯಿಟ್ಟ ಮರುದಿನ ಪ್ರಲ್ಹಾದರಾಯರು ಹುಸೇನಸಾಬನನ್ನು ಕರೆಸಿ, ಅಂಗಳದಲ್ಲಿ ಕಾರಿನ ಮುಂದೆ ನಿಂತರು. ಮಕ್ಕಳಿಲ್ಲದ ತಮ್ಮನ ಕರ್ಮ ಅವರ ಪಾಲಿಗೇ ಬಂದಿತ್ತು. ಅಸ್ಥಿಯ ಮಡಕೆಗೆ ಬಿಳಿ ಅರಿವೆ ಕಟ್ಟಿ ಪೇರಲಗಿಡಕ್ಕೆ ತೂಗುಹಾಕಿದ್ದರು. ಒಮ್ಮೆಲೇ ರಾಯರು ಹೆಗಲಿನ ಪಂಚೆಯನ್ನು ಸೊಂಟಕ್ಕೆ ಬಿಗಿದರು. ನಾಲ್ಕು ದಶಕ ತರಗತಿಗಳನ್ನು ನಡುಗಿಸಿದ ಕಂಠದಲ್ಲಿ ನುಡಿದರು:

"ಕೇಳು ಹುಸೇನಸಾಬ. ಐದನೆಯ ದಿನದ ಬೆಳಿಗ್ಗೆ ನನ್ನ ಅನುಜನ ಅಸ್ಥಿಯು ಈ ರಥದಲ್ಲಿ, ಈ ಕ್ಯಾನಿನೊಳಗಿನ ಇಕ್ಷುಸಾರದ ಬಲದಿಂದಲೇ ನದಿಯನ್ನು ಸೇರತಕ್ಕದ್ದು. ತೊಟ್ಟು ಪೆಟ್ರೋಲಿನ ಸಹಾಯವನ್ನೂ ನಾನು ಬೇಡೆನು. ಇದು ಆಗದಿದ್ದರೆ ನಾನು ಪ್ರಲ್ಹಾದನೇ ಅಲ್ಲ."

ಹುಸೇನಸಾಬನೂ ಕಡಿಮೆಯವನಲ್ಲ. ಎದೆ ಸೆಟೆಸಿ, "ಮಾಸ್ತರ್ರ, ಈ ಕೈ ಎಂಥೆಂಥಾ ಗಾಡಿ ಎಬ್ಬಿಸೇತ್ರಿ. ಗ್ವಾಡಿಗೆ ಗುದ್ದಿದ ಜೀಪ ಎಬ್ಬಿಸೇತಿ, ಹೊಳಿಯಾಗ ಮುಳುಗಿದ ಟ್ರ್ಯಾಕ್ಟರ್ ಎಬ್ಬಿಸೇತಿ. ಇದರಪ್ಪನ್ನೂ ಎಬ್ಬಸ್ತೇತಿ," ಎಂದ.

ಬಾಗಿಲ ಒಳಗಿನಿಂದ ಬಿಂದುಮಾಧವನ ಹೆಂಡತಿ ಗೋದಾಬಾಯಿಯ ದನಿ ಬಂತು. ಅತ್ತು ಅತ್ತು ಸೋತಿದ್ದರೂ ಮಾತಿನ ಮೊನೆ ಮೊಂಡಾಗಿರಲಿಲ್ಲ. "ಭಾವನೋರ, ಅವರಿದ್ದಾಗ ಅದಕ್ಕ ಒಂದ್ ಹನಿ ಹಾಕಗೊಡಲಿಲ್ಲ. ಈಗ ಕ್ಯಾನ್ ಗಟ್ಟಲೆ ಕುಡಸ್ಲಿಕ್ಕೆ ನಿಂತೀರಿ."

ರಾಯರು ತಲೆ ತಗ್ಗಿಸಿದರು. "ಹೌದವಾ," ಎಂದರು.

ಹೀಗೆ ಸಮರ ಮೊದಲಾಯಿತು. ಮೊದಲ ದಿನ ಟ್ಯಾಂಕನ್ನು ಬಿಚ್ಚಿ ತೊಳೆದರು. ಇಪ್ಪತ್ತೆಂಟು ವರ್ಷದ ಕೆಸರು, ತುಕ್ಕು, ಜೊತೆಗೆ ಎಂದೋ ಮಾಯವಾಗಿದ್ದ ಒಂದು ಕೀಲಿಕೈ, ಎಲ್ಲವೂ ಪಾತಾಳಗರ್ಭದಿಂದೆದ್ದ ರತ್ನಗಳಂತೆ ಹೊರಬಿದ್ದವು. ಎರಡನೆಯ ದಿನ ರಬ್ಬರ್ ಪೈಪುಗಳನ್ನೆಲ್ಲ ಕಿತ್ತೆಸೆದು, ಎಥೆನಾಲಿಗೆ ಉಬ್ಬದಂಥ ಹೊಸವನ್ನು ಹಾಕಿದರು. ಮೂರನೆಯ ದಿನದ್ದು ಘೋರ ಯುದ್ಧ. ಕಬ್ಬಿನ ಸಾರಕ್ಕೆ ಪೆಟ್ರೋಲಿನಷ್ಟು ಕಸುವಿಲ್ಲವಾದ್ದರಿಂದ ಎಂಜಿನ್ನಿಗೆ ಅದು ಹೆಚ್ಚು ಬೇಕು. ಹೆಚ್ಚು ಹರಿಯಬೇಕಾದರೆ ಕಾರ್ಬುರೇಟರಿನ ಜೆಟ್ಟಿನ ತೂತು ಹಿರಿದಾಗಬೇಕು. ಸಾಸಿವೆಗಿಂತ ಕಿರಿದಾದ ಆ ರಂಧ್ರವೇ ಶತ್ರುವಿನ ಕೋಟೆ. ಗೋದಾಬಾಯಿಯ ಹೊಲಿಗೆ ಸೂಜಿಯೇ ಆಯುಧ. ಹುಸೇನಸಾಬ ಒಂದು ಸುತ್ತು ಉಜ್ಜುವನು, ಬಿಸಿಲಿಗೆ ಹಿಡಿದು ಒಂದೇ ಕಣ್ಣಿನಿಂದ ನೋಡುವನು. ರಾಯರು ಕನ್ನಡಕ ಏರಿಸಿ ತಾವೂ ನೋಡುವರು.

"ಇನ್ನಷ್ಟು ಆಗ್ಬೇಕಲಾ."

"ಮಾಸ್ತರ್ರ, ಇದೇನ್ ಗಣಿತದ ಪೇಪರ್ ಏನ್ರಿ, ನೀವ್ ತಿದ್ದಾಕ? ಹಿರೀದಾತಂದ್ರ ಮತ್ತ ಸಣ್ಣದ ಮಾಡಾಕ ಬರಂಗಿಲ್ರಿ."

"ಒಂದ್ ಸುತ್ತು ಅಷ್ಟ."

"ಅಷ್ಟನ್ನೋದ ನಲವತ್ತನೇ ಸಲರಿ ಇದು."

ಸಮರದ ಮೂರು ದಿನ ಕಳೆದು, ತಮ್ಮ ತೀರಿದ ಐದನೆಯ ದಿನ ಉದಯವಾಯಿತು. ಪುರೋಹಿತರು ಆಗಲೇ ಮುಂದೆ ನಡೆದುಹೋಗಿದ್ದರು. ಹತ್ತು ಗಂಟೆಗೆ ಅವರಿಗೆ ಮತ್ತೊಂದೂರಿನಲ್ಲಿ ಕರ್ಮವಿತ್ತು. ರಾಯರು ಮಡಕೆಯನ್ನು ಮಡಿಲಲ್ಲಿಟ್ಟು ಕಾರಿನಲ್ಲಿ ಕೂತರು. ಹುಸೇನಸಾಬ ಚಾವಿ ತಿರುಗಿಸಿದ. ಪುಷ್ಪಕ ಕೆಮ್ಮಿತು. ಮತ್ತೆ ತಿರುಗಿಸಿದ. ಇನ್ನೊಮ್ಮೆ ಕೆಮ್ಮಿ ಸುಮ್ಮನಾಯಿತು. ಮಾಘದ ಚಳಿಗೆ ಮುದುಡಿ ಕೂತ ಮುದುಕನಂತೆ ಅದು ಏಳಲೊಲ್ಲೆನೆಂದಿತು.

ಆಗ ಪ್ರಲ್ಹಾದರಾಯರು ಇಳಿದು, ಮಡಕೆಯನ್ನು ಜೋಕೆಯಾಗಿ ಗಿಡಕ್ಕೆ ಮತ್ತೆ ತೂಗುಹಾಕಿ, ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಒಂದು ಪುಟ್ಟ ತಾಮ್ರದ ಗಿಂಡಿಯಿತ್ತು. ಕಾಶಿಯಿಂದ ತಂದು, ಬಾಯಿಗೆ ಬೆಸುಗೆ ಹಾಕಿಸಿ, ಕಡೆಯ ಉಸಿರಿನ ಹೊತ್ತಿಗೆಂದು ಎಲ್ಲರ ಮನೆಯಲ್ಲೂ ಇಡುವ ಗಂಗೆ. ರಾಯರು ಪಾನಾದಿಂದ ಬೆಸುಗೆಯನ್ನು ಒಡೆದರು; ಟ್ಯಾಂಕಿನ ಮುಚ್ಚಳ ತೆಗೆದರು; ಹುಸೇನಸಾಬ ಬಾಯಿ ತೆರೆಯುವಷ್ಟರಲ್ಲಿ ಗಂಗೆಯನ್ನೆಲ್ಲ ಒಳಗೆ ಸುರಿದರು.

"ಯಾ ಅಲ್ಲಾ," ಎಂದು ಹುಸೇನಸಾಬ ಅಲ್ಲೇ ಕುಕ್ಕರಿಸಿದ. "ಟ್ಯಾಂಕಿಗೆ ನೀರ ಹಾಕಿದ್ರಿ. ನೀರ ಬಿತ್ತಂದ್ರ ಗಾಡಿ ಕಥಿ ಮುಗೀತ್ರಿ. ಮೂರ ದಿನದ ಕೆಲಸ ಮಣ್ಣಿಗೆ ಹಾಕಿದ್ರಲ್ರಿ ಮಾಸ್ತರ್ರ. ಯಾಕ್ರಿ ಹಂಗ ಮಾಡಿದ್ರಿ?"

"ಸೂತಕದಾಗ ಗಾಡಿಗೆ ಆರತಿ ಮಾಡ್ಲಿಕ್ಕೆ ಬರೂದಿಲ್ಲ," ಎಂದರು ರಾಯರು. ಅವರ ದನಿ ಈಗ ಹೆಡ್‌ಮಾಸ್ತರನದಾಗಿರಲಿಲ್ಲ. "ಗಂಗೆಗೆ ಸೂತಕಿಲ್ಲ. ದಾರ್ಯಾಗ ಹೋದ ನನ್ ತಮ್ಮ. ಇದು ಅವನ ಬಾಯಾಗ ಬೀಳಲಿಲ್ಲ ಹುಸೇನಸಾಬ. ಅವನ ಕಾರಿನ ಬಾಯಾಗರೆ ಬೀಳ್ಲಿ."

 ಗೋದಾಬಾಯಿ ಎರಡು ಗಾಜಿನ ಲೋಟಗಳನ್ನು ತಂದು ಕಟ್ಟೆಯ ಮೇಲಿಟ್ಟಳು. ಒಂದಕ್ಕೆ ಹುಸೇನಸಾಬನ ಟೆಂಪೋದ ಬಾಟಲಿಯಿಂದ ಪೆಟ್ರೋಲು, ಇನ್ನೊಂದಕ್ಕೆ ಕ್ಯಾನಿನ ತಳದಲ್ಲುಳಿದ ಎಥೆನಾಲು ಹಾಕಿ, ಎರಡಕ್ಕೂ ಒಂದೊಂದು ಚಮಚ ನೀರು ಬಿಟ್ಟಳು. ಪೆಟ್ರೋಲಿನ ಲೋಟದಲ್ಲಿ ನೀರು ತಳಕ್ಕಿಳಿದು ಬೇರೆಯಾಗಿ ಕೂತಿತು. ಎರಡನೆಯದರಲ್ಲಿ ನೀರೇ ಕಾಣಲಿಲ್ಲ.

"ಇವರು ಮೂವತ್ತು ವರ್ಷ ಊಟಕ್ಕ ಕೂತಾಗ ಇದನ್ನ ಹೇಳ್ತಿದ್ರು," ಎಂದಳು. "ಪೆಟ್ರೋಲಿಗೂ ನೀರಿಗೂ ಪಂಕ್ತಿಭೇದ. ಇದಕ್ಕ ಭೇದಿಲ್ಲ, ಕೂಡಿ ಉಣ್ತದ. ಅಷ್ಟು ನೀರಿಗೆ ಏನೂ ಆಗೂದಿಲ್ಲ. ಚಳಿಗೆ ಎದ್ದಿಲ್ಲ ಅದು. ಮೂತಿಗೆ ಒಂದ್ ಚಮಚ ಪೆಟ್ರೋಲ್ ತೋರಸ್ರಿ, ಏಳ್ತದ."

"ತೊಟ್ಟು ಪೆಟ್ರೋಲೂ ಬ್ಯಾಡಂತ ನಾ ಆಣಿ ಮಾಡೀನಿ," ಎಂದು ರಾಯರು ಗೊಣಗಿದರು.

"ಭಾವನೋರ, ನೀವು ಮುರೀದ ಆಣಿ ಯಾವ್ದದ ಈ ಮನ್ಯಾಗ? ಮೊನ್ನೆನ ಒಂದು ಮುರದ್ರಿ. ಇನ್ನೊಂದ್ ಮುರೀರಿ."

ಭೀಷ್ಮಸಮಾನನಾದ ಪ್ರಲ್ಹಾದರಾಯನು ಒಂದು ಚಮಚಕ್ಕೆ ಶರಣಾದನು. ಹುಸೇನಸಾಬ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಹನಿಸಿ, "ಬಿಸ್ಮಿಲ್ಲಾ" ಎಂದು ಚಾವಿ ತಿರುಗಿಸಿದ. ಪುಷ್ಪಕವು ಗುಡುಗಿತು, ನಡುಗಿತು, ಸಾವಿರ ಶಂಖಗಳು ಒಟ್ಟಿಗೆ ಮೊಳಗಿದಂತೆ ಅಬ್ಬರಿಸಿತು; ಬೀದಿಯ ನಾಯಿಗಳು ದಿಕ್ಕಾಪಾಲಾದವು; ಎದುರುಮನೆಯ ಮಾಳಿಗೆಯ ಮೇಲೆ ಒಣಹಾಕಿದ ಶಂಡಿಗೆಯ ಮೇಲಿದ್ದ ಕಾಗೆಗಳು ಏಕಕಾಲಕ್ಕೆ ಆಕಾಶಕ್ಕೆ ಹಾರಿದವು. ಮಡಕೆಯನ್ನು ಎದೆಗವಚಿಕೊಂಡು ರಾಯರು ರಥಾರೂಢರಾದರು.

ಕಾರಿನೊಳಗೆಲ್ಲ ಒಂದು ಹುಳಿಸಿಹಿ ವಾಸನೆ ತುಂಬಿತು. ಅದು ಕೆಲಸದಿಂದ ಬಂದ ಬಿಂದುಮಾಧವನ ಅಂಗಿಯ ವಾಸನೆ. ಸ್ನಾನ ಮಾಡದೆ ಹೊಸ್ತಿಲು ದಾಟಬೇಡವೆಂದು ರಾಯರು ದಿನವೂ ಅವನನ್ನು ಹೊರಗೇ ನಿಲ್ಲಿಸುತ್ತಿದ್ದದ್ದು ಇದೇ ವಾಸನೆಗೆ. ಹುಸೇನಸಾಬ ಕಿಟಕಿಯ ಗಾಜು ಇಳಿಸಲು ಕೈಹಾಕಿದ.

"ಇರ್ಲಿ ಬಿಡು," ಎಂದರು ರಾಯರು.

ಹೀಗೆ ಪುಷ್ಪಕವು ತನ್ನ ದಿಗ್ವಿಜಯವನ್ನು ಮುಗಿಸಿತು. ನದಿ ಇದ್ದದ್ದು ಎರಡು ಫರ್ಲಾಂಗಿನ ಆಚೆ. ದಾರಿಯಲ್ಲಿ ಕಬ್ಬಿನ ಗಾಡಿಯೊಂದು ಅಡ್ಡಬಂದದ್ದರಿಂದ ಅರ್ಧದಾರಿ ಎತ್ತುಗಳ ಹಿಂದೆ ಎತ್ತುಗಳ ವೇಗದಲ್ಲೇ ಸಾಗಬೇಕಾಯಿತು. ಮನೆಯಿಂದ ನಡೆದು ಹೊರಟ ಪುರೋಹಿತರು ಆಗಲೇ ಸ್ನಾನ ಮುಗಿಸಿ, ಪಂಚೆ ಹಿಂಡಿ ಒಣಹಾಕಿ, ದರ್ಭೆ ಹಿಡಿದು ಕಾದಿದ್ದರು. "ಯಾಕ ತಡಾ ಆತು, ನಡಕೋತ ಬಂದ್ರೇನು?" ಎಂದು ಕೇಳಿದರು.

ಪ್ರಲ್ಹಾದರಾಯರು ಮೊಣಕಾಲುದ್ದ ನೀರಿಗಿಳಿದು, ಮಂತ್ರ ಮುಗಿಸಿ, ಮಡಕೆಯನ್ನು ಬಗ್ಗಿಸಿದರು. ದಡದಲ್ಲಿ ಹುಸೇನಸಾಬ ಎರಡೂ ಅಂಗೈ ಮೇಲಕ್ಕೆತ್ತಿ ನಿಂತಿದ್ದ. ಬೂದಿ ನಿಧಾನವಾಗಿ ನೀರಿನಲ್ಲಿ ಬೆರೆಯಿತು. ಮಂತ್ರದಲ್ಲಿಲ್ಲದ ಮಾತೊಂದನ್ನು ರಾಯರು ತಮ್ಮ ಮನೆಮಾತಿನಲ್ಲಿ, ಹರಿಯುವ ನೀರಿಗೆ ಹೇಳಿದರು:

"ಶ್ರೀನಿವಾಸಾ, ನನ್ ತಮ್ಮ ಭಾಳ ದುಡದಾನ. ನಿನ್ ಪಾದದ ಹತ್ರ ನೆಳ್ಳಿದ್ದಲ್ಲಿ ಅವಂಗ ತುಸು ಜಾಗಾ ಕೊಡು. ಅಂಗಿ ವಾಸನಿ ಬರ್ತದಂತ ಹೊರಗ ನಿಲ್ಲಸಬ್ಯಾಡ. ಶಾಂತಿಯಿಂದ ಕೂಡ್ಲಿ."